ಲಾಯರ್ ಆಫೀಸಿನಲ್ಲಿ ತಾರೀಖು ಕಾಯುವ ಕೆಲಸ
ಬಿಕಾಂ ಮುಗಿಸಿ ವಕೀಲರ ಆಫೀಸಿಗೆ ಸೇರಿದಾಗ ನನಗೆ ಒಪ್ಪಿಸಿದ್ದು ಟ್ಯಾಲಿ ಮತ್ತು ಫೋನು, ಅಷ್ಟೇ. ಈಗ ಗಾಂಧಿನಗರದ ಆ ಆಫೀಸಿನ ಅಡ್ಮಿನಿಸ್ಟ್ರೇಷನ್ ಪೂರ್ತಿ ನನ್ನ ತಲೆ ಮೇಲಿದೆ. ಬಿಲ್ಲು, ಸಂಬಳ, ಫೈಲು, ಕಾಸ್ ಲಿಸ್ಟ್ (ಕೋರ್ಟಿನಲ್ಲಿ ಆ ದಿನ ಬರುವ ಕೇಸುಗಳ ಪಟ್ಟಿ), ನಾಳೆ ಯಾವ ಜೂನಿಯರ್ ಯಾವ ಕೋರ್ಟ್ ಹಾಲ್‌ಗೆ ಹೋಗಬೇಕು ಅನ್ನೋದು, ಎಲ್ಲ. ನೆಂಟರಿಗೆ ಮಾತ್ರ ಇನ್ನೂ ಅರ್ಥವಾಗಿಲ್ಲ. ಲಾ ಓದಿಲ್ಲ ಅಂದಮೇಲೆ ಅಲ್ಲೇನು ಮಾಡ್ತೀಯ, ಟೈಪಿಂಗಾ ಅಂತ ಕೇಳುತ್ತಾರೆ. ಅದನ್ನೂ ಮಾಡುತ್ತೇನೆ. ಆದರೆ ನನ್ನ ಮುಖ್ಯ ಕೆಲಸ ತಾರೀಖು ಕಾಯುವುದು.

ಕಳೆದ ನವೆಂಬರಿನ ಒಂದು ಸಂಗತಿ ಹೇಳುತ್ತೇನೆ. ಹಾಸನ ಕಡೆಯ ಕಕ್ಷಿದಾರರೊಬ್ಬರು ಜಮೀನಿನ ದಾವೆ ಸೋತಿದ್ದರು. ಹೈಕೋರ್ಟಿಗೆ ಮೊದಲ ಅಪೀಲು, ಅಂದರೆ ಆರ್‌ಎಫ್‌ಎ, ಹಾಕಬೇಕಿತ್ತು. 1963ರ ಲಿಮಿಟೇಷನ್ ಆಕ್ಟ್, ಅಂದರೆ ಕಾಲಮಿತಿ ಕಾಯ್ದೆ, ಪ್ರಕಾರ ಇದಕ್ಕೆ ತೀರ್ಪಿನಿಂದ 90 ದಿನ. ಜಿಲ್ಲಾ ಕೋರ್ಟಿಗಾದರೆ 30 ದಿನವಷ್ಟೇ. ತೀರ್ಪು ಬಂದಿದ್ದು ಜುಲೈ 4ಕ್ಕೆ. ಜೂನಿಯರ್ ಹುಡುಗ ಲೆಕ್ಕ ಹಾಕಿ ಡೈರಿಯಲ್ಲಿ ಕೊನೇ ದಿನ ನವೆಂಬರ್ 15 ಅಂತ ಬರೆದಿದ್ದ. ನವೆಂಬರ್ 5ನೇ ತಾರೀಖು ಫೈಲಿಗೆ ಇಂಡೆಕ್ಸ್ ಮಾಡೋಣ ಅಂತ ಕೂತು, ಸರ್ಟಿಫೈಡ್ ಕಾಪಿಯ, ಅಂದರೆ ಕೋರ್ಟು ಸೀಲು ಹಾಕಿ ಕೊಡುವ ತೀರ್ಪಿನ ನಕಲಿನ, ಹಿಂದಿನ ಸೀಲು ನೋಡಿದೆ. ಅರ್ಜಿ ಕೊಟ್ಟಿದ್ದು ಜುಲೈ 9, ನಕಲು ರೆಡಿಯಾಗಿದ್ದು ಆಗಸ್ಟ್ 13, ತೆಗೆದುಕೊಂಡಿದ್ದು ಆಗಸ್ಟ್ 21. ಈ ಸೀಲನ್ನು ಯಾರೂ ಸರಿಯಾಗಿ ಓದುವುದಿಲ್ಲ. ಶಾಯಿ ಹರಡಿ, ಅಂಕಿ ವಕ್ರವಾಗಿ, 3 ಯಾವುದು 8 ಯಾವುದು ಗೊತ್ತಾಗಲ್ಲ. ನಕಲಿಗೆ ಹಿಡಿದ ಸಮಯವನ್ನು 90 ದಿನದ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜ. ಆದರೆ ಅದು ರೆಡಿಯಾದ ದಿನದವರೆಗೆ ಮಾತ್ರ. ರೆಡಿಯಾದ ಮೇಲೂ ಹೋಗಿ ತರದೆ ಕೂತ ದಿನಗಳು ನಮ್ಮ ಲೆಕ್ಕಕ್ಕೇ.

"ಅಕ್ಕಾ, ಕೈಗೆ ಬಂದಿದ್ದೇ 21ಕ್ಕೆ ಅಲ್ವಾ?" ಅಂದ ಹುಡುಗ. ಅದನ್ನ ನಾಳೆ ಎದುರು ಪಾರ್ಟಿ ವಕೀಲರಿಗೆ ಹೇಳು, ಖುಷಿಪಡುತ್ತಾರೆ ಅಂದೆ. ಜುಲೈ 9ರಿಂದ ಆಗಸ್ಟ್ 13ಕ್ಕೆ 36 ದಿನ. ಅದನ್ನು 90 ದಿನಕ್ಕೆ ಸೇರಿಸಿ ಎಣಿಸಿದರೆ ಕೊನೇ ದಿನ ನವೆಂಬರ್ 7, ಅಂದರೆ ಎರಡೇ ದಿನ ಬಾಕಿ. ತಡವಾದರೆ ಅದೇ ಆಕ್ಟಿನ ಸೆಕ್ಷನ್ 5ರ ಅರ್ಜಿ ಹಾಕಿ ಮನ್ನಿಸಿ ಅಂತ ಕೇಳಬಹುದು. ಆದರೆ ಕಾರಣ ಏನು ಅಂತ ಬರೆಯುವುದು, ಸೀಲು ಓದಲಿಲ್ಲ ಅಂತಲಾ?

ಸರ್, ಅಂದರೆ ನಮ್ಮ ವಕೀಲರು, ಕೋರ್ಟಿನಲ್ಲಿದ್ದರು. ಅವರಿಗೆ ಮೆಸೇಜ್ ಹಾಕಿ, ನಾನೇ ಕಕ್ಷಿದಾರರಿಗೆ ಫೋನ್ ಮಾಡಿದೆ. "ರಾಗಿ ಕೊಯ್ಲಿಗೆ ಆಳು ಹೇಳಿದ್ದೀನಿ ಕಣಮ್ಮ, ಸೋಮವಾರ ಬಂದ್ರೆ ಆಗಲ್ವಾ?" ಅಂದರು. ಆಗಲ್ಲ ಯಜಮಾನ್ರೇ, ನಾಳೆ ಮೊದಲನೇ ಬಸ್ಸಿಗೆ ಬನ್ನಿ ಅಂದೆ. ಕೋಪ ಬಂತು ಅಂತ ಕಾಣುತ್ತದೆ, ಫೋನ್ ಇಟ್ಟರು. ಆದರೆ ಮರುದಿನ ಹತ್ತೂವರೆಗೆ ಮೆಜೆಸ್ಟಿಕ್ಕಿನಿಂದ ನಡೆದುಕೊಂಡೇ ಬಂದರು, ಕೈಯಲ್ಲಿ ಒಂದು ಚೀಲ ಅವರೆಕಾಯಿ.

ವಕಾಲತ್ತಿಗೆ ಸಹಿ, ಅಫಿಡವಿಟ್ಟಿಗೆ ಸಹಿ, ಕೋರ್ಟ್ ಫೀ, ವೆಲ್ಫೇರ್ ಸ್ಟ್ಯಾಂಪು, ಪುಟಗಳ ನಂಬರು. ಸಾಕ್ಷಿ ಹೇಳಿಕೆಯ ಜೆರಾಕ್ಸ್ ಒಂದು ಕಡೆ ಮಸುಕಾಗಿತ್ತು. ಹೈಕೋರ್ಟಿನ ಕಚೇರಿಯವರು, ಅಂದರೆ ರಿಜಿಸ್ಟ್ರಿಯವರು, ಇಂಥದ್ದಕ್ಕೇ ಆಬ್ಜೆಕ್ಷನ್ ಹಾಕುವುದು ಅಂತ ನಾನೇ ಆ ಪುಟ ಟೈಪ್ ಮಾಡಿದೆ. ಊಟವಿಲ್ಲ, ಸುಮ್ನೆ ಕಾಫಿ. ಮಧ್ಯಾಹ್ನದ ಮೇಲೆ ಫೈಲಿಂಗ್ ನಂಬರ್ ಸಿಕ್ಕಿತು. ಸರ್ ಸಂಜೆ ಫೈಲು ತಿರುವಿ, ಸರಿ ಅಂದರು. ಅವರು ಅದಕ್ಕಿಂತ ಜಾಸ್ತಿ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಲೈನಿಗೆ ಬರಬೇಕು ಅಂತ ಕೇಳುವವರಿಗೆ ನಾನು ಡಿಗ್ರಿ ಯಾವುದು ಅಂತ ಮೊದಲು ಕೇಳುವುದಿಲ್ಲ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪಿಂಗ್ ಬರಬೇಕು, ಇಂಗ್ಲಿಷ್ ಓದಲು ಬರಬೇಕು. ಉಳಿದಿದ್ದು ಕಲಿಯಬಹುದು. ಆಮೇಲೆ ಹಳೇ ಸರ್ಟಿಫೈಡ್ ಕಾಪಿಯೊಂದರ ಜೆರಾಕ್ಸ್ ಮುಂದಿಟ್ಟು, ಅಪೀಲಿಗೆ ಕೊನೇ ದಿನ ಯಾವುದು ಹೇಳಿ ಅನ್ನುತ್ತೇನೆ. ಉತ್ತರ ತಪ್ಪಾದರೂ ಪರವಾಗಿಲ್ಲ, ಹಾಳೆ ತಿರುಗಿಸಿ ಹಿಂಬದಿ ನೋಡಿದವರನ್ನು ಮರುದಿನವೇ ಬರಹೇಳುತ್ತೇನೆ.