‘ಆ ಹುಡುಗ ನಿಮಗೆ ಏನಾಗಬೇಕು?’

ಚಿಕ್ಕಮಗಳೂರಿಗೆ ಬಂದು ನೆಲೆಸಿದ ಮೇಲೆ ಅತಿ ಹೆಚ್ಚು ಜನ ನನ್ನನ್ನು ಕೇಳಿರುವ ಪ್ರಶ್ನೆ ಇದು. ಬೆಂಗಳೂರಿನ ನೆಂಟರು ಇದನ್ನೇ ಇನ್ನಷ್ಟು ಬಿಡಿಸಿ ಕೇಳುತ್ತಾರೆ: ‘ಅವನು ನಿಮ್ಮ ದುಡ್ಡು ನೋಡಿಕೊಂಡು ತಾನೇ ಬರುವುದು?’ ಕೇಳುವ ಧಾಟಿಯಲ್ಲೇ ಉತ್ತರವೂ ಸೇರಿರುವುದರಿಂದ ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತೇನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೌದು, ದುಡ್ಡು ನೋಡಿಕೊಂಡೂ ಬರುತ್ತಾನೆ. ಅದನ್ನು ಅವನು ಮುಚ್ಚಿಟ್ಟಿಲ್ಲ, ನಾನೂ ಕಂಡೂ ಕಾಣದವನಂತೆ ಇಲ್ಲ. ಅಷ್ಟರಿಂದಲೇ ನಮ್ಮದು ಸ್ನೇಹವಲ್ಲ ಎಂದು ತೀರ್ಮಾನಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಹುಟ್ಟಿದ್ದು ಪಕ್ಕದ ಹಾಸನದಲ್ಲಿ, ದುಡಿದದ್ದು ಅಮೆರಿಕದ ಮಿಷಿಗನ್‌ನಲ್ಲಿ. ನಮ್ಮ ಕಾನೂನು ಎರಡು ಪೌರತ್ವವನ್ನು ಒಪ್ಪದ ಕಾರಣ, ಅಲ್ಲಿನದನ್ನು ಪಡೆದಾಗ ಇಲ್ಲಿನದು ಹೋಯಿತು. ಈಗ ಕೈಯಲ್ಲಿರುವುದು ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸರ್ಕಾರ ಕೊಡುವ ಓಸಿಐ ಕಾರ್ಡು. ಅದು ಜೀವನಪೂರ್ತಿ ಇಲ್ಲಿರಲು ಬಿಡುತ್ತದೆ, ಊರೊಳಗೆ ಮನೆ ಕೊಳ್ಳಲು ಬಿಡುತ್ತದೆ. ಮತ ಹಾಕಲು ಬಿಡುವುದಿಲ್ಲ, ಹೊಲವನ್ನಾಗಲಿ ಕಾಫಿ ತೋಟವನ್ನಾಗಲಿ ಕೊಳ್ಳಲು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಆದರೆ ನಮ್ಮ ತಂದೆ ಮೇಷ್ಟರಾಗಿದ್ದವರು, ತೋಟದ ಮಾತೇ ಇರಲಿಲ್ಲ. ಕಾಗದಪತ್ರದ ಲೆಕ್ಕದಲ್ಲಿ ನಾನೀಗ ಪರದೇಶಿ.

ಅವನು ಆಲ್ದೂರು ಕಡೆಯವನು, ವಯಸ್ಸಿನಲ್ಲಿ ನನ್ನ ಅರ್ಧಕ್ಕಿಂತ ಕಡಿಮೆ, ಐಟಿಐ ಓದಿದ್ದಾನೆ. ಅವರಪ್ಪ ಬಹುಕಾಲದಿಂದ ಸಾಗು ಮಾಡಿಕೊಂಡು ಬಂದಿರುವ ಒಂದೂವರೆ ಎಕರೆ ಅರೇಬಿಕಾ ಇರುವುದು ಸರ್ಕಾರಿ ಜಾಗದಲ್ಲಿ. ಸಕ್ರಮ ಕೋರಿ ಹಾಕಿದ ನಮೂನೆ 57ರ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಜಾಗ ಮಂಜೂರಾಯಿತೆಂದು ಕೊಡುವ ಸಾಗುವಳಿ ಚೀಟಿ ಇಲ್ಲದೆ ಪಹಣಿಯಲ್ಲಿ ಹೆಸರು ಬರುವುದಿಲ್ಲ, ಪಹಣಿ ಇಲ್ಲದೆ ಸಹಕಾರ ಸಂಘದ ಬಡ್ಡಿರಹಿತ ಬೆಳೆ ಸಾಲ ಸಿಗುವುದಿಲ್ಲ. ಹೀಗಾಗಿ 2019ರ ಬೇಸಿಗೆಯಲ್ಲಿ ಖಾಸಗಿ ಫೈನಾನ್ಸಿನಿಂದ ಸಾಲ ತೆಗೆದು, ಪ್ರವಾಸಿಗರನ್ನು ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ಕಡೆಗೆ ಕರೆದೊಯ್ಯುವ ಲೆಕ್ಕದಲ್ಲಿ ಹಳೆಯ ಜೀಪೊಂದನ್ನು ಕೊಂಡ. ಆ ಆಗಸ್ಟಿನ ಮಳೆಗೆ ಕರಾವಳಿ ಕಡೆಯಿಂದ ಬರುವ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು, ಬಾಡಿಗೆ ನಿಂತಿತು. ಚೇತರಿಸಿಕೊಳ್ಳುವ ಹೊತ್ತಿಗೆ ಲಾಕ್‌ಡೌನ್ ಬಂತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದ್ದೇನೋ ನಿಜ, ಆದರೆ ಬಡ್ಡಿ ಓಡುತ್ತಲೇ ಇತ್ತು. ಮುಂದೆ 2024ರಲ್ಲಿ ಕಾಫಿಗೆ ಚಿನ್ನದ ಬೆಲೆ ಬಂದಾಗ, ಕಾಂಡಕೊರಕ ತಿಂದುಳಿಸಿದ ಅವರ ತೋಟದಲ್ಲಿ ಮಾರುವುದಕ್ಕೆ ಹೆಚ್ಚೇನೂ ಇರಲಿಲ್ಲ. ‘ಈ ಕಾಲದ ಹುಡುಗರು ಮೈ ಬಗ್ಗಿಸುವುದಿಲ್ಲ’ ಎನ್ನುವವರಿಗೆ ಈ ಇಸವಿಗಳನ್ನು ಒಂದೊಂದಾಗಿ ಹೇಳುವ ಅಭ್ಯಾಸವನ್ನು ನಾನು ಇಟ್ಟುಕೊಂಡಿದ್ದೇನೆ.

ಕಾಂಡಕೊರಕ ಎಂದರೇನೆಂದು ನನಗೆ ತೋರಿಸಿದವನೂ ಅವನೇ. ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಾಂಡದ ಮೇಲೆ ಹೆಬ್ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದ. ನನ್ನ ಬೆರಳನ್ನೂ ಹಿಡಿದು ಅಲ್ಲಿಡಿಸಿದ. ತೊಗಟೆಯ ಕೆಳಗೆ ದಾರ ಎಳೆದಂತೆ ಒಂದು ಉಬ್ಬು ಕೈಗೆ ಸಿಕ್ಕಿತು. ಒಳಗೆ ಹುಳು ಕೊರೆದುಕೊಂಡು ಹೋಗಿರುವ ಗುರುತು ಅದು. ಎಲೆ ಹಸಿರಾಗಿಯೇ ಇದ್ದ, ಕಾಯಿ ಕಟ್ಟಿ ನಿಂತಿದ್ದ ಆ ಗಿಡವನ್ನು ಅವನು ಬುಡಸಮೇತ ಕಿತ್ತು ಸುಟ್ಟ. ಬಿಟ್ಟರೆ ಹುಳು ಜೀರುಂಡೆಯಾಗಿ ಹೊರಬಂದು ಅಕ್ಕಪಕ್ಕದ ಗಿಡಗಳಲ್ಲಿ ಮೊಟ್ಟೆಯಿಡುತ್ತದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದ್ದರೂ, ಹುಳು ಹಿಡಿದ ಗಿಡವನ್ನು ಹುಡುಕಿ ಕಿತ್ತು ಸುಡುವ ಕೆಲಸವನ್ನು ಬೆಳೆಗಾರ ಇಂದಿಗೂ ಕೈಯಾರೆ ಮಾಡಬೇಕು. ಇವನಿಲ್ಲದಿದ್ದರೆ ಈ ಸೀಮೆಯನ್ನು ನಾನು ಕಾರಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಿದ್ದೆ. ಯಾರು ಯಾರಿಂದ ಪಡೆಯುತ್ತಿದ್ದಾರೆ ಎಂಬ ಲೆಕ್ಕವನ್ನು ನೆಂಟರು ಒಂದೇ ಕಡೆಯಿಂದ ಹಾಕುತ್ತಾರೆ.

ನಮ್ಮಿಬ್ಬರ ನಡುವೆ ಏರುಪೇರು ಇದೆ, ಅದನ್ನು ಅಲ್ಲಗಳೆಯಲಾರೆ. ನನ್ನ ಪಿಂಚಣಿಗಿಂತಲೂ ಅದು ಎದ್ದು ಕಾಣುವುದು ಇನ್ನೊಂದರಲ್ಲಿ: ನಾನು ಅವನಿಗೆ ಆಗುವುದಿಲ್ಲ ಎನ್ನಬಲ್ಲೆ, ಅವನು ನನಗೆ ಹಾಗೆನ್ನಲಾರ.

ಅವರ ತೋಟಕ್ಕೆ ಹೊಂದಿಕೊಂಡಂತೆ ಹಿಡುವಳಿ ಜಮೀನೊಂದು ಮಾರಾಟಕ್ಕೆ ಬಂದಾಗ ಅವನು ಒಂದು ಯೋಜನೆ ತಂದ. ‘ಸಾರ್, ದುಡ್ಡು ನಿಮ್ದು, ಹೆಸರು ನಂದು, ತೋಟ ಇಬ್ರುದೂ’ ಎಂದ. ಅದರಲ್ಲಿ ಮೋಸದ ನೆರಳೂ ಇರಲಿಲ್ಲ. ನನಗೆ ತೋಟದ ಆಸೆ ಇರುವುದು ಅವನಿಗೆ ಗೊತ್ತಿತ್ತು. ಊರಿನ ದಲ್ಲಾಳಿ ಬೇರೆ, ಎಲ್ಲರೂ ಹೀಗೇ ಮಾಡುವುದು ಎಂದು ಹೇಳಿಕೊಟ್ಟಿದ್ದ. ಆದರೆ 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇದಕ್ಕೆ ಒಂದರಿಂದ ಏಳು ವರ್ಷದವರೆಗೆ ಕಠಿಣ ಸಜೆಯಿದೆ, ಆಸ್ತಿ ಮುಟ್ಟುಗೋಲಾಗುತ್ತದೆ, ಹೆಸರು ಕೊಟ್ಟವನೂ ತಪ್ಪಿತಸ್ಥನಾಗುತ್ತಾನೆ. ನನಗೆ ವಕೀಲರನ್ನು ಇಡುವ ಶಕ್ತಿಯಿದೆ, ಅವನಿಗಿಲ್ಲ. ಇದನ್ನೆಲ್ಲ ವಿವರಿಸಿ ಆಗದು ಎಂದೆ. ಅವನು ತಲೆಯಾಡಿಸಿ ಹೋದವನು ಕೆಲವು ವಾರ ಈ ಕಡೆ ತಲೆ ಹಾಕಲಿಲ್ಲ. ಅವನು ಮುನಿಸಿಕೊಂಡದ್ದು ಒಂದು ರೀತಿಯಲ್ಲಿ ನನಗೆ ಸಮಾಧಾನವನ್ನೇ ತಂದಿತು, ಏಕೆಂದರೆ ಬರೀ ಲಾಭಕ್ಕೆ ಬರುವವನಾಗಿದ್ದರೆ ಮಾರನೆಯ ದಿನವೇ ಬೇರೊಂದು ಯೋಜನೆ ಹಿಡಿದು ಬಂದಿರುತ್ತಿದ್ದ.

ಇದಕ್ಕೆ ವಿರುದ್ಧವಾಗಿ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಹಾಸನಕ್ಕೆ ಹೋಗಬೇಕಿತ್ತು ಎಂದರೆ, ಜ್ವರವಿದ್ದರೂ ಜೀಪು ತೆಗೆಯುತ್ತಾನೆ. ಅದಕ್ಕೇ ಈಗ ಮೊದಲು ‘ಬೇರೆ ಬಾಡಿಗೆ ಒಪ್ಪಿಕೊಂಡಿದ್ದೀಯಾ?’ ಎಂದು ಕೇಳುತ್ತೇನೆ, ನೆಪ ಹೇಳುವುದಕ್ಕೆ ಅವನಿಗೊಂದು ದಾರಿ ಇರಲಿ ಎಂದು. ಬಾಡಿಗೆಯನ್ನು ಪ್ರವಾಸಿಗರಷ್ಟೇ ಕೊಡುತ್ತೇನೆ, ಅವನು ಬೇಡವೆಂದರೂ ಬಿಡುವುದಿಲ್ಲ. ಕೈಸಾಲದ ಲೆಕ್ಕ ಬೇರೆ. ಅದನ್ನು ಅವನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ, ಮೆಣಸು ಮಾರಿದಾಗ ಒಂದಿಷ್ಟು ತಂದು ಕೊಡುತ್ತಾನೆ, ನಾನು ಎಣಿಸದೆ ತೆಗೆದುಕೊಂಡರೆ ಅವನಿಗೆ ಸಿಟ್ಟು ಬರುತ್ತದೆ.

ಮಲೆನಾಡಿನಲ್ಲಿ ಜಮೀನು ನೆಚ್ಚಿಕೊಂಡ ಹುಡುಗರಿಗೆ ಹೆಣ್ಣು ಸಿಗದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊಪ್ಪದ ಕಡೆ ಹೆಣ್ಣು ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಅವನ ಹಿಂದೆ ಅಮೆರಿಕದವರೊಬ್ಬರು ಇದ್ದಾರೆ ಎಂದು ತೋರಿಸುವುದಕ್ಕೆ ಹೋಗುತ್ತಿದ್ದೇನೆಂಬುದು ತಿಳಿದೇ ಇತ್ತು. ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಾ, ‘ತಾವು ಇವರಿಗೆ ಏನಾಗಬೇಕು?’ ಎಂದರು. ‘ಸ್ನೇಹಿತ’ ಎಂದೆ. ಅವರಿಗೆ ಅದು ಸಾಕಾಗಲಿಲ್ಲ. ಚಿಕ್ಕಪ್ಪ ಎಂದಿದ್ದರೆ ಸಾಕಾಗುತ್ತಿತ್ತೋ ಏನೋ. ಸಂಬಂಧ ಕುದುರಲಿಲ್ಲ.

ಈಗ ಅವನು ದುಬೈಗೆ ಹೋಗಿ ಡ್ರೈವರ್ ಆಗುವ ಮಾತಾಡುತ್ತಿದ್ದಾನೆ. ಎಸ್‌ಎಸ್‌ಎಲ್‌ಸಿ ಪಾಸಾಗಿರುವುದರಿಂದ ವಲಸೆ ಅನುಮತಿಯ ತೊಡಕಿಲ್ಲ, ಆದರೆ ಇಲ್ಲಿನ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುವಂತಿಲ್ಲ, ಮತ್ತೆ ಪರೀಕ್ಷೆ ಕೊಡಬೇಕು. ‘ಹೋಗ್ಲಾ ಸಾರ್?’ ಎಂದು ಕೇಳಿದ. ಊರು ಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಬಲ್ಲವನು ಎಂದೇ ನನ್ನನ್ನು ಕೇಳಿದ್ದು. ನೀನು ಹೋದರೆ ನನಗೆ ನಷ್ಟ, ಆದ್ದರಿಂದ ನನ್ನ ಸಲಹೆಯನ್ನು ನಂಬಬೇಡ, ಅಲ್ಲಿ ದುಡಿದು ಬಂದ ನಿಮ್ಮೂರಿನವರನ್ನು ಕೇಳು ಎಂದೆ. ಕೇಳಿಕೊಂಡು ಬಂದಿದ್ದಾನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾನೆ. ಪೊಲೀಸ್ ಪರಿಶೀಲನೆಗೆ ಕಾಯುತ್ತಿದ್ದೇವೆ.