ಗವಿಯ ಮುಂದೆ ಒಂದು ಸಂಜೆ

ಭಕ್ತಿಯಿಂದ ಒಳಗೆ ಹೋದೆನೆಂದರೆ ಸುಳ್ಳಾದೀತು. ಬರಬೇಕಾದ ಸ್ನೇಹಿತರು ಒಂದು ಗಂಟೆ ತಡವಾಗುವುದೆಂದು ತಿಳಿಸಿದ್ದರಿಂದ, ಎಲ್ಲಾದರೂ ಕುಳಿತು ಕಾಯೋಣವೆಂದು ಲೂರ್ದು ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಆ ಚಿಕ್ಕ ಪುಣ್ಯಕ್ಷೇತ್ರದ ತೆರೆದ ಬಾಗಿಲನ್ನು ದಾಟಿದೆ. ನಾನು ಕ್ರೈಸ್ತನಲ್ಲ. ಯಾರಾದರೂ ಬಂದು ವಿಚಾರಿಸಿಯಾರೆಂಬ ಅಳುಕಿನಲ್ಲೇ ಕೊನೆಯ ಬೆಂಚಿನ ತುದಿಯಲ್ಲಿ ಕುಳಿತೆ, ಯಾರೂ ವಿಚಾರಿಸಲಿಲ್ಲ.

ಮಬ್ಬಿಗೆ ಕಣ್ಣು ಹೊಂದಿಕೊಂಡಂತೆ, ಪೀಠದ ಬಳಿ ಉರಿಯುತ್ತಿದ್ದ ಕೆಂಪು ದೀಪ ಮೊದಲು ಕಾಣಿಸಿತು. ಪರಮಪ್ರಸಾದದಲ್ಲಿ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯಲ್ಲಿ, ಕ್ರಿಸ್ತನೇ ಇದ್ದಾನೆಂಬುದು ಕಥೋಲಿಕರ ನಂಬಿಕೆ. ಅದನ್ನಿರಿಸಿದ ಪೆಟ್ಟಿಗೆಯ ಬಳಿ ಹಗಲಿರುಳೂ ದೀಪವಿರುತ್ತದೆ. ಒಳಗೆ ಮನೆಯವರಿದ್ದಾರೆಂದು ಹೇಳುವ ದೀಪದಂತೆ ನನಗೆ ಅದು ತೋರಿತು. ಗೋಡೆಗಳ ಮೇಲೆ ಶಿಲುಬೆ ಹಾದಿಯ, ಅಂದರೆ ಯೇಸುವಿನ ಕೊನೆಯ ಯಾತನೆಯ, 14 ಚಿತ್ರಗಳಿದ್ದವು.

ಪಕ್ಕದ ಬಾಗಿಲಿನಾಚೆ ಕಲ್ಲುಗಳನ್ನು ಪೇರಿಸಿ ಕಟ್ಟಿದ ಗವಿಯಿತ್ತು. 1858ರಲ್ಲಿ ಫ್ರಾನ್ಸಿನ ಲೂರ್ದಿನಲ್ಲಿ 14 ವರ್ಷದ ಬರ್ನದೆತ್ ಎಂಬ ಬಡ ಹುಡುಗಿ 18 ಬಾರಿ ಕಂಡೆನೆಂದ ಮಾತೆಯ ರೂಪವೇ ಇಲ್ಲಿಯೂ: ಬಿಳಿಯ ಉಡುಪು, ನೀಲಿ ನಡುಪಟ್ಟಿ, ಪಾದಗಳ ಮೇಲೆ ಹೊಂಬಣ್ಣದ ಗುಲಾಬಿ. ಲೂರ್ದಿನ ಗವಿಯಲ್ಲಿ ನಿಲ್ಲಿಸಿದ ಅಮೃತಶಿಲೆಯ ಪ್ರತಿಮೆ ತಾನು ಕಂಡಂತಿಲ್ಲವೆಂದು ಸ್ವತಃ ಬರ್ನದೆತಳಿಗೇ ಅನ್ನಿಸಿತ್ತಂತೆ. ಆ ಪ್ರಾಮಾಣಿಕತೆಗಾಗಿಯೇ ನನಗೆ ಅವಳು ಇಷ್ಟ.

ಗವಿಯ ಮುಂದೆ ವೃದ್ಧೆಯೊಬ್ಬರು ಜಪಸರ ಹಿಡಿದು ಕುಳಿತಿದ್ದರು. ಹತ್ತು ‘ನಮೋ ಮರಿಯ’ ಪ್ರಾರ್ಥನೆಗಳಾದ ಮೇಲೆ ಒಂದು ಬಿಡುವು, ಮತ್ತೆ ಹತ್ತು, ಹೀಗೆ ಐದು ಸುತ್ತು. ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲವಾದರೂ, ಮಣಿಗೆ ಮಣಿ ತಾಗುವ ಸಣ್ಣ ಸದ್ದಿನಿಂದಲೇ ಅಲ್ಲಿನ ಮೌನಕ್ಕೊಂದು ಲಯ ಬಂದಂತಿತ್ತು. ಜಪ ಮುಗಿಸಿದವರೇ ಬೇರೆ ಯಾರೋ ಹಚ್ಚಿಟ್ಟಿದ್ದ ಮೇಣದಬತ್ತಿಯಿಂದ ತಮ್ಮದನ್ನು ಹೊತ್ತಿಸಿ, ಹಿಂದಿರುಗಿ ನೋಡದೆ ಹೊರಟುಹೋದರು. ಅವರು ಹೋದರೂ ಅವರ ಕೋರಿಕೆ ಅಲ್ಲಿಯೇ ಉರಿಯುತ್ತಿತ್ತು.

ಅಷ್ಟರಲ್ಲಿ ಬೀಸಿದ ಗಾಳಿಗೆ ಅದು ಆರಿತು. ಬೇರೆಯವರ ಪ್ರಾರ್ಥನೆಯನ್ನು ಮುಟ್ಟಬಹುದೇ ಎಂದು ಕೆಲಹೊತ್ತು ಹಿಂಜರಿದೆ. ಆಮೇಲೆ ಎದ್ದು, ಪಕ್ಕದ ಬತ್ತಿಯಿಂದ ಅದನ್ನು ಮತ್ತೆ ಹಚ್ಚಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತೆ. ಅಲ್ಲಿಯವರೆಗೆ ನಾನೊಬ್ಬ ಅಪರಿಚಿತನೆಂಬ ಅಳುಕು ಉಳಿದಿತ್ತು. ಅದು ಯಾವಾಗ ಹೋಯಿತೋ ಗಮನಕ್ಕೆ ಬರಲಿಲ್ಲ.

ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗಿತು: ಮೂರು ಬಡಿತ, ಬಿಡುವು, ಮತ್ತೆ ಮೂರು. ಜೇಬಿನಲ್ಲಿ ಫೋನು ನಡುಗಿತು. ಸ್ನೇಹಿತರು ಬಂದು ಬಾಗಿಲಲ್ಲಿ ನಿಂತಿದ್ದರು. ಕೊನೆಯ ಮೂರು ಬಡಿತಗಳೂ ಮುಗಿಯುವವರೆಗೆ ನಾನು ಕದಲಲಿಲ್ಲ.