ತೋಟಕ್ಕೆ ಎಟಿವಿ (ಕಚ್ಚಾ ದಾರೀಲೂ ಓಡೋ, ಬೈಕಿನಂಥ ನಾಲ್ಕು ಚಕ್ರದ ಗಾಡಿ) ತಗೊಳ್ಳೋರಿಗೆ
ಸಿಸಿ ನೋಡಿ ಮರುಳಾಗಬೇಡಿ. ಫೋರ್ ವೀಲ್ ಡ್ರೈವ್ ಜೊತೆ ಲೋ ಗೇರ್ ಇದೆಯಾ, ಅದನ್ನ ಕೇಳಿ. ತೀರ್ಥಹಳ್ಳಿ, ಹೊಸನಗರ ಕಡೆಯ ಕೆಮ್ಮಣ್ಣಿನ ಏರಲ್ಲಿ ಭಾರ ಹೇರಿಕೊಂಡು ಹೈ ಗೇರಲ್ಲೇ ಎಳೆದರೆ ಸಿವಿಟಿ ಬೆಲ್ಟ್, ಅಂದರೆ ಇಂಜಿನ್ನಿನ ಶಕ್ತಿಯನ್ನ ಚಕ್ರದ ಕಡೆ ಸಾಗಿಸೋ ರಬ್ಬರ್ ಪಟ್ಟಿ, ಜಾರಿ ಕಾಯುತ್ತೆ. ಸುಟ್ಟ ರಬ್ಬರ್ ವಾಸನೆ ಬಂತು ಅಂದರೆ ನಿಲ್ಲಿಸಿ, ಆರಲು ಬಿಡಿ. ಹಳ್ಳ ದಾಟೋಕೆ ಟೈರಿನ ಎತ್ತರ ಅಲ್ಲ, ಸಿವಿಟಿಯ ಗಾಳಿ ಕೊಳವೆಯ ಎತ್ತರ ಲೆಕ್ಕಕ್ಕೆ ಬರೋದು. ಒಳಗೆ ನೀರು ಹೊಕ್ಕರೆ ಇಂಜಿನ್ ಕೂಗುತ್ತೆ, ಚಕ್ರ ತಿರುಗಲ್ಲ.

ಔಷಧಿ ಹೊಡೆಯೋ 200 ಲೀಟರ್ ಡ್ರಮ್ಮನ್ನ ಹಿಂದಿನ ರ್‍ಯಾಕಿಗೆ ಕಟ್ಟೋ ಆಲೋಚನೆ ಬೇಡವೇ ಬೇಡ. ತುಂಬಿದ್ದು 200 ಕೆಜಿ ದಾಟುತ್ತೆ, ಏರಲ್ಲಿ ಮುಂದಿನ ಚಕ್ರ ಎದ್ದೇಳುತ್ತೆ. ಟ್ರೇಲರ್ ಹಾಕಿಸಿ.

ಅಮೆರಿಕದಲ್ಲಿ ಶಿಕಾರಿಗೆ ಒಯ್ಯೋ ಗಾಡಿ ಇಲ್ಲಿ ಗೊಬ್ಬರ ಹೊರುತ್ತೆ. ನಮ್ಮಲ್ಲಿ ಶಿಕಾರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಬೀಗ ಹಾಕಿದೆಯಲ್ಲ! ರಸ್ತೆಗೆ ಇಳಿಸೋದಿದ್ದರೆ ಮಾತ್ರ ನೋಂದಣಿ ಆಗುತ್ತಾ ಅಂತ ದುಡ್ಡು ಕೊಡೋ ಮೊದಲೇ ವಿಚಾರಿಸಿ.